ಚಳಿಗೆ ಮೊದಲು ಹುಲ್ಲುಹಾಸು: ಉತ್ತರೆಯ ಬಿತ್ತನೆಯೋ, ವಿಶಾಖೆಯ ನಾಟಿಯೋ?

ಚಿಕ್ಕಬಳ್ಳಾಪುರದ ಹೊರವಲಯದಲ್ಲಿರುವ ನಮ್ಮ ಮನೆಯ ಮುಂದಿನ ಕೆಂಪು ಮಣ್ಣಿನ ಅಂಗಳ ಬಹಳ ವರ್ಷ ಬರಿದಾಗಿಯೇ ಬಿದ್ದಿತ್ತು. ಬೇಸಿಗೆಯಲ್ಲಿ ಧೂಳು ನೇರವಾಗಿ ಅಡುಗೆಮನೆಯವರೆಗೆ ಬರುತ್ತಿತ್ತು, ಮಳೆಗಾಲದಲ್ಲಿ ಕೆಸರು ಹೊಸಿಲು ದಾಟುತ್ತಿತ್ತು. ಅಲ್ಲಿ ಹುಲ್ಲು ಹಾಸಬೇಕೆಂದು 2024ರಲ್ಲಿ ನಿಶ್ಚಯಿಸಿದಾಗ ಕೇಳಿದವರೆಲ್ಲ ಒಂದೊಂದು ದಾರಿ ಹೇಳಿದರು. ಒಬ್ಬರು ಗರಿಕೆಯ ಬೀಜ ಬಿತ್ತಿ ಎಂದರು, ಇನ್ನೊಬ್ಬರು ಕೆರೆ ಏರಿಯ ಗರಿಕೆಯನ್ನೇ ತಂದು ನೆಡಿ ಎಂದರು, ನರ್ಸರಿಯವರು ಮಣ್ಣಿನ ಸಮೇತ ಬೆಳೆಸಿದ ಹುಲ್ಲಿನ ಕಾರ್ಪೆಟ್ ಹಾಸಿಬಿಡಿ ಎಂದರು, ಬೆಂಗಳೂರಿನಿಂದ ತಂದ ರೈ ಹುಲ್ಲಿನ ಪೊಟ್ಟಣವಂತೂ ಚಳಿಗೆ ಮೊದಲು, ಶರತ್ಕಾಲದಲ್ಲಿ ಬಿತ್ತಬೇಕೆಂದು ಹೇಳುತ್ತಿತ್ತು. ಯಾರ ಮಾತನ್ನೂ ತಳ್ಳಿಹಾಕದೆ ಅಂಗಳದಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲದ ಐದು ಪಾತಿಗಳನ್ನು ಮಾಡಿ ಎಲ್ಲವನ್ನೂ ಪಕ್ಕಪಕ್ಕದಲ್ಲೇ ಪರೀಕ್ಷಿಸಿದೆ. ಒಂದೇ ಮಣ್ಣು, ಒಂದೇ ಬಿಸಿಲು, ಒಂದೇ ಕೊಳವೆಬಾವಿಯ ನೀರು. ಬೇರೆಯಾಗಿದ್ದದ್ದು ಹುಲ್ಲು ಮತ್ತು ಅದನ್ನು ಹಾಕಿದ ಮಳೆ ನಕ್ಷತ್ರ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ ಬದಲಾಗುವ ಮಳೆಯ ಅವಧಿ, ಮಾತ್ರ.

ಮೊದಲು ಆ ಪೊಟ್ಟಣದ ಸಲಹೆಯ ಹಿನ್ನೆಲೆಯನ್ನು ಹೇಳಬೇಕು, ಏಕೆಂದರೆ ನಮ್ಮ ಕಡೆ ಆಗುವ ತಪ್ಪು ಅಲ್ಲಿಂದಲೇ ಹುಟ್ಟುತ್ತದೆ. ಯುರೋಪು ಮತ್ತು ಉತ್ತರ ಅಮೆರಿಕದ ಚಳಿ ಪ್ರದೇಶಗಳಲ್ಲಿ ಹುಲ್ಲುಹಾಸಿಗೆ ಬಳಸುವ ರೈ, ಫೆಸ್ಕ್ಯೂ, ಬ್ಲೂಗ್ರಾಸ್ ಮುಂತಾದವು ತಂಪು ಹವೆಯ ಹುಲ್ಲುಗಳು. ಅಲ್ಲಿ ಬೇಸಿಗೆ ಮುಗಿದ ಮೇಲೆ ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಗಾಳಿ ತಂಪಾಗಿರುತ್ತದೆ, ಕಳೆಗಳ ಭರಾಟೆ ಇಳಿದಿರುತ್ತದೆ. ಮೊದಲ ಹಿಮ ಬೀಳುವುದಕ್ಕೆ ಸುಮಾರು 45 ದಿನ ಮೊದಲು ಬಿತ್ತಿದರೆ ಬೇರು ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಗರಿಕೆ, ಅಂಗಡಿಯವರು ಬರ್ಮುಡಾ ಎಂದು ಮಾರುವ ಅದೇ ಸೈನೋಡಾನ್ ಡ್ಯಾಕ್ಟಿಲಾನ್, ಬಿಸಿ ಹವೆಯ ಹುಲ್ಲು. ಅದರ ಬೀಜಕ್ಕೆ 20 ಡಿಗ್ರಿಗಿಂತ ಮೇಲಿನ ಬೆಚ್ಚನೆಯ ಮಣ್ಣು ಬೇಕು. ತಂಪು ಏರಿದಷ್ಟೂ ಮೊಳಕೆ ತಡವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ನಂದಿಬೆಟ್ಟದ ನೆರಳಿನಲ್ಲಿರುವ ನಮ್ಮ ಊರಿನಲ್ಲಿ ಹಿಮ ಬೀಳುವುದಿಲ್ಲ ನಿಜ, ಆದರೆ ಮಾರ್ಗಶಿರ, ಪುಷ್ಯ ಮಾಸಗಳ ಬೆಳಗಿನ ಚಳಿ ಗರಿಕೆಯ ಎಳೆ ಸಸಿಯನ್ನು ಇದ್ದಲ್ಲೇ ನಿಲ್ಲಿಸುವಷ್ಟು ಇರುತ್ತದೆ. ಆದ್ದರಿಂದ ಚಳಿಗೆ ಮೊದಲು ಎಂಬ ಮಾತು ಎರಡು ಕಡೆಯೂ ಸರಿ. ಎಷ್ಟು ಮೊದಲು ಎಂಬುದರಲ್ಲಿ ವ್ಯತ್ಯಾಸವಿದೆ.

ಐದೂ ಪಾತಿಗಳಿಗೆ ಸಿದ್ಧತೆ ಒಂದೇ ಆಗಿತ್ತು. ಆಗಸ್ಟ್ ಕೊನೆಯಲ್ಲಿ, ಹುಬ್ಬೆ ಮಳೆ ಹಿಡಿಯುವ ಹೊತ್ತಿಗೆ, ಅರ್ಧ ಅಡಿ ಆಳಕ್ಕೆ ಅಗೆದು ಕಲ್ಲು ಆರಿಸಿ, ಜರಡಿ ಹಿಡಿದ ಹಳೆಯ ಕೊಟ್ಟಿಗೆ ಗೊಬ್ಬರವನ್ನು ಪಾತಿಗೆ ನಾಲ್ಕು ಮಂಕರಿಯಂತೆ ಬೆರೆಸಿದೆ. ಬಳಿಕ ಏನನ್ನೂ ಬಿತ್ತದೆ ಸುಮ್ಮನೆ ನೀರು ಹಾಕಿ ಎರಡು ವಾರ ಬಿಟ್ಟೆ. ಮಣ್ಣಿನಲ್ಲಿ ಅಡಗಿದ್ದ ಕಳೆ ಬೀಜಗಳೆಲ್ಲ ಹುಟ್ಟಿದ ಮೇಲೆ ಅವನ್ನು ಮೇಲಿಂದಲೇ ಕೆತ್ತಿ ತೆಗೆದೆ. ತಡವಾಗಿ ಬಿತ್ತುವ ಪಾತಿಗಳಲ್ಲಿ ಇದೇ ಕೆಲಸವನ್ನು ಇನ್ನೊಮ್ಮೆ ಮಾಡಿದೆ. ಈ ಎರಡು ವಾರದ ತಾಳ್ಮೆ ಮುಂದೆ ಎರಡು ತಿಂಗಳ ಕಳೆ ಕೀಳುವ ಕೆಲಸವನ್ನು ಉಳಿಸುತ್ತದೆ ಎಂದು ನಾನು ಖಚಿತವಾಗಿ ಹೇಳಬಲ್ಲೆ. ನೆಲದೊಳಗಿನ ಗಡ್ಡೆಯಿಂದ ಮತ್ತೆ ಮತ್ತೆ ಚಿಗುರುವ ಕೊನ್ನಾರಿ ಎಂಬ ಕಳೆಗೆ ಮಾತ್ರ ಇದು ಸಾಲದು. ಅದನ್ನು ಗಡ್ಡೆಸಹಿತ ಅಗೆದೇ ತೆಗೆಯಬೇಕು.

ಮೊದಲನೆಯ ಪಾತಿಗೆ ಸೆಪ್ಟೆಂಬರ್ 18ರಂದು, ಉತ್ತರೆ ಮಳೆಯಲ್ಲಿ, ಸಿಪ್ಪೆ ತೆಗೆದ ಗರಿಕೆ ಬೀಜವನ್ನು ಬಿತ್ತಿದೆ. ಚದರ ಮೀಟರಿಗೆ 8 ಗ್ರಾಂ ಲೆಕ್ಕದಲ್ಲಿ ಇಡೀ ಪಾತಿಗೆ 75 ಗ್ರಾಂ ಸಾಕಾಯಿತು. ಈ ಬೀಜ ಎಷ್ಟು ಸಣ್ಣದೆಂದರೆ ಒಂದು ಕಿಲೋದಲ್ಲಿ ಲಕ್ಷಗಟ್ಟಲೆಯಲ್ಲ, ದಶಲಕ್ಷಗಟ್ಟಲೆ ಕಾಳುಗಳಿರುತ್ತವೆ. ಬೊಗಸೆಯಲ್ಲಿ ಹಿಡಿದು ಎರಚಿದರೆ ಒಂದು ಕಡೆ ಗುಪ್ಪೆ, ಇನ್ನೊಂದು ಕಡೆ ಬರಿದು. ದಂಟಿನ ಸೊಪ್ಪಿನ ಬೀಜಕ್ಕೆ ಮಾಡುವಂತೆ ನಾಲ್ಕು ಪಾಲು ಒಣ ಮರಳು ಬೆರೆಸಿ, ಅರ್ಧವನ್ನು ಪೂರ್ವ-ಪಶ್ಚಿಮವಾಗಿ, ಉಳಿದರ್ಧವನ್ನು ಉತ್ತರ-ದಕ್ಷಿಣವಾಗಿ ಚೆಲ್ಲಿದೆ. ನಮ್ಮ ಕೆಂಪು ಮಣ್ಣಿನ ಒಂದು ದೋಷವೆಂದರೆ ಜೋರು ಮಳೆ ಬಿದ್ದು ಬಿಸಿಲು ಬಂದರೆ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗುತ್ತದೆ; ಕೂದಲೆಳೆಯಂಥ ಮೊಳಕೆ ಅದನ್ನು ಒಡೆದು ಬರಲಾರದು. ಅದಕ್ಕಾಗಿ ಬೀಜದ ಮೇಲೆ ಮಣ್ಣನ್ನು ಎಳೆಯದೆ, ಗೊಬ್ಬರದ ಪುಡಿ ಮತ್ತು ಮರಳಿನ ತೆಳು ಹೊದಿಕೆಯನ್ನಷ್ಟೇ, ಕಾಳು ಮರೆಯಾಗುವಷ್ಟು, ಉದುರಿಸಿ ಹಲಗೆಯಿಂದ ಮೆಲ್ಲಗೆ ಒತ್ತಿದೆ.

ಅದರ ಮೇಲೆ ತೇವ ನಿಲ್ಲಲೆಂದು ರಾಗಿ ಹುಲ್ಲು ಹರಡಿದ್ದು ತಪ್ಪಾಯಿತು. ಐದನೆಯ ದಿನ ಹಸಿರು ಕಾಣಿಸಿತು, ಆದರೆ ಅದು ಹುಲ್ಲಿನ ತೆನೆಯಲ್ಲಿ ಉಳಿದಿದ್ದ ರಾಗಿಯ ಪೈರು. ಒಂದೊಂದಾಗಿ ಕೀಳುವಾಗ ಪಕ್ಕದಲ್ಲಿ ಮೊಳೆಯುತ್ತಿದ್ದ ಗರಿಕೆಯೂ ಸಡಿಲವಾಯಿತು. ಹೊದಿಸುವುದಾದರೆ ನೆನೆಸಿದ ಗೋಣಿತಾಟು ಲೇಸು; ಮೊಳಕೆ ಕಂಡ ದಿನ ಸಂಜೆ ಅದನ್ನು ತೆಗೆದುಬಿಡಬೇಕು.

ಎಂಟನೆಯ ದಿನದ ಬೆಳಿಗ್ಗೆ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದಾಗ ಗರಿಕೆ ಕಂಡಿತು. ನಿಂತು ನೋಡಿದವರಿಗೆ ಬರಿಯ ಕೆಂಪು ಮಣ್ಣು. ಕಣ್ಣನ್ನು ನೆಲಮಟ್ಟಕ್ಕೆ ಇಳಿಸಿದರೆ ಸೂಜಿಮೊನೆಯಂಥ ಸಾವಿರಾರು ಎಳೆಗಳು, ಪ್ರತಿಯೊಂದರ ತುದಿಯಲ್ಲೂ ಸಾಸಿವೆಗಿಂತ ಚಿಕ್ಕದಾದ ಇಬ್ಬನಿಯ ಹನಿ. ಆ ವಾರ ಬೆಳಿಗ್ಗೆ ಏಳು ಗಂಟೆಗೆ ಎರಡು ಇಂಚು ಆಳದಲ್ಲಿ ಮಣ್ಣಿನ ಉಷ್ಣತೆ 23 ಡಿಗ್ರಿ ಇತ್ತು. ಮಳೆ ಬಾರದ ದಿನ ರೋಸ್ ಕ್ಯಾನಿನಲ್ಲಿ ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು ಲೀಟರ್ ನೀರು ಹಾಕಿದ್ದು ಬಿಟ್ಟರೆ ಹೆಚ್ಚಿನ ಆರೈಕೆಯನ್ನು ಉತ್ತರೆ ಮತ್ತು ಹಸ್ತದ ಮಳೆಗಳೇ ನೋಡಿಕೊಂಡವು. ಅಕ್ಟೋಬರ್ ನಡುವಿನ ಚಿತ್ತೆಯ ಜಡಿಮಳೆ ಒಂದು ಮೂಲೆಯನ್ನು ಕೊಚ್ಚಿಕೊಂಡು ಹೋಯಿತು. ಅಷ್ಟು ಜಾಗಕ್ಕೆ ಗರಿಕೆಯ ತುಂಡುಗಳನ್ನು ನೆಟ್ಟು ಸರಿಪಡಿಸಿದೆ. ಇರುವೆಗಳು ಬೀಜ ಹೊತ್ತೊಯ್ದ ನಾಲ್ಕೈದು ಬೋಳು ಮಚ್ಚೆಗಳನ್ನು ಸುತ್ತಲಿನ ಕುಡಿಗಳೇ ಮುಚ್ಚಿಕೊಂಡವು. ಆರನೆಯ ವಾರ ಎರಡು ಇಂಚು ಎತ್ತರಕ್ಕೆ ಮೊದಲ ಕಟಾವು ಮಾಡಿದೆ, ಮತ್ತು ಚಳಿ ಬಲಿಯುವ ಹೊತ್ತಿಗೆ ಪಾತಿ ಕೂಡಿಕೊಂಡಿತ್ತು.

ಎರಡನೆಯ ಪಾತಿಗೆ ಅದೇ ಚೀಲದ ಬೀಜ, ಅಷ್ಟೇ ಪ್ರಮಾಣ, ಅದೇ ವಿಧಾನ. ದಿನಾಂಕ ಮಾತ್ರ ನವೆಂಬರ್ 10, ವಿಶಾಖೆ ಮಳೆ. ಬಿತ್ತುವ ಮೊದಲು ನೂರು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮನೆಯೊಳಗಿಟ್ಟಾಗ 84 ಮೊಳೆತಿದ್ದವು, ಆದ್ದರಿಂದ ಬೀಜದ ಮೇಲೆ ತಪ್ಪು ಹೊರಿಸುವಂತಿಲ್ಲ. ಬೆಳಗಿನ ಮಣ್ಣು ಆಗ 19 ಡಿಗ್ರಿಗೆ ಇಳಿದಿತ್ತು. ಎಂಟು ದಿನದಲ್ಲಿ ಬಂದಿದ್ದ ಮೊಳಕೆ ಇಲ್ಲಿ ಹದಿನೇಳು ದಿನ ತೆಗೆದುಕೊಂಡಿತು, ಅದೂ ವಿರಳವಾಗಿ. ಅಷ್ಟರಲ್ಲಿ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತದ ಮೋಡ ಕವಿಯಿತು. ದಿನಗಟ್ಟಲೆ ಬಿಸಿಲಿಲ್ಲದ ತುಂತುರು, ಮೈ ಕೊರೆಯುವ ಗಾಳಿ. ಮಣ್ಣು ಆರದೆ ಎಳೆ ಸಸಿಗಳ ಬುಡ ಕೊಳೆತು ಅಂಗೈಯಗಲದ ತೇಪೆಗಳಲ್ಲಿ ಅವು ಮಲಗಿದವು. ಸುಮಾರು ಕಾಲುಭಾಗ ಹೀಗೆ ಹೋಯಿತು. ಉಳಿದವು ಸಾಯಲೂ ಇಲ್ಲ, ಹಬ್ಬಲೂ ಇಲ್ಲ. ಡಿಸೆಂಬರ್ ಮತ್ತು ಜನವರಿಯಿಡೀ ಎರಡೆರಡು ಎಲೆ ಹೊತ್ತು ಹಾಗೆಯೇ ನಿಂತಿದ್ದವು. ಶಿವರಾತ್ರಿಯ ಬಳಿಕ ಬಿಸಿಲು ಏರಿದಾಗ ಕುಡಿ ಹರಿಯತೊಡಗಿತು, ಆದರೆ ಆಗ ಮಳೆಯಿಲ್ಲದ ಕಾಲ; ಹುಲ್ಲಿಗೆ ಬೇಕಾದ ಹನಿಹನಿಯನ್ನೂ ಕೊಳವೆಬಾವಿಯಿಂದ ಎತ್ತಬೇಕಾಯಿತು.

ಈ ಕೊನೆಯ ಮಾತಿನ ತೂಕ ಈ ಸೀಮೆಯವರಿಗೆ ತಿಳಿದೇ ಇದೆ. ವರ್ಷವಿಡೀ ಹರಿಯುವ ಒಂದು ನದಿಯೂ ನಮಗಿಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳು ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳಲ್ಲಿವೆ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬಂದಿದ್ದರೂ ಅಂಗಳದ ಹುಲ್ಲಿಗಾಗಿ ಅಂತರ್ಜಲ ಸುರಿಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಆದ್ದರಿಂದ ಯಾವ ಹುಲ್ಲು ಚೆಂದ ಎಂಬುದಕ್ಕಿಂತ, ಯಾವುದು ಮಳೆಯ ನೀರಿನಲ್ಲೇ ನೆಲೆಯೂರಿ ಬೇಸಿಗೆಯ ಹೊತ್ತಿಗೆ ಬೇರು ಇಳಿಸಿರುತ್ತದೆ ಎಂಬುದನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡೆ.

ಆ ಅಳತೆಗೆ ಅನಿರೀಕ್ಷಿತವಾಗಿ ಚೆನ್ನಾಗಿ ನಿಂತದ್ದು ಮೂರನೆಯ ಪಾತಿ. ವಿಶಾಖೆಯಲ್ಲೇ, ಬೀಜದ ಬದಲು ಕೆರೆ ಏರಿಯಿಂದ ತಂದ ಗರಿಕೆಯ ಹಂಬನ್ನು ನೆಟ್ಟೆ. ಮೂರು ಗೆಣ್ಣುಗಳಿರುವ ನಾಲ್ಕು ಇಂಚಿನ ತುಂಡು, ಎರಡು ಗೆಣ್ಣು ಮಣ್ಣಿನೊಳಗೆ, ಒಂದು ಹೊರಗೆ; ನಾಲ್ಕು ಇಂಚಿಗೆ ಒಂದರಂತೆ ಸಾಲಿಗೆ ಮೂವತ್ತು, ಒಟ್ಟು ಒಂಬೈನೂರು ಗುಣಿ. ಪಕ್ಕದ ಹೊಲದ ಅಮ್ಮನವರು ನಾಟಿಗೆ ನೆರವಾಗಲು ಬಂದು, "ಹೊಲದಾಗೆ ಇದನ್ನ ಕಿತ್ತು ಕಿತ್ತೇ ನನ್ನ ಸೊಂಟ ಬಿದ್ದೋಯ್ತು, ನೀವು ಕೂಲಿ ಕೊಟ್ಟು ನೆಡಿಸ್ತೀರಲ್ಲಪ್ಪ" ಎಂದರು. ಆದರೆ ಕೈ ಓಡಿದ್ದು ಅವರದೇ. ಅವರು ಹೇಳಿದ ಒಂದು ಉಪಾಯ ನನಗೆ ಗೊತ್ತಿರಲಿಲ್ಲ: ತಂದ ಗರಿಕೆಯನ್ನು ತೊಟ್ಟಿಯಲ್ಲಿ ಅದ್ದಿ ಬೇರಿನ ಮಣ್ಣನ್ನೆಲ್ಲ ತೊಳೆಯಬೇಕು, ಇಲ್ಲದಿದ್ದರೆ ಅದರೊಂದಿಗೆ ಕೊನ್ನಾರಿ ಗಡ್ಡೆಯೂ ಅಂಗಳಕ್ಕೆ ಬರುತ್ತದೆ. ತೊಳೆದ ತೊಟ್ಟಿಯ ತಳದಲ್ಲಿ ಕಡಲೆಕಾಳಿನ ಗಾತ್ರದ ಕಪ್ಪು ಗಡ್ಡೆಗಳು ಒಂದು ಹಿಡಿಯಷ್ಟು ಸಿಕ್ಕವು. ಇಬ್ಬರೂ ಕುಳಿತು ನಾಟಿ ಮುಗಿಸಲು ನಾಲ್ಕು ಗಂಟೆ ಹಿಡಿಯಿತು.

ಮೊದಲ ವಾರ ಹಳೆಯ ಎಲೆಗಳು ಒಣಗಿ ಇಡೀ ಪಾತಿ ಹುಲ್ಲಿನ ಕಡ್ಡಿ ಚುಚ್ಚಿದಂತೆ ಕಾಣುತ್ತಿತ್ತು. ಇದನ್ನು ನೋಡಿ ಕಿತ್ತುಹಾಕಬಾರದು. ಎರಡು ವಾರಕ್ಕೆ ಗೆಣ್ಣಿನಿಂದ ಹಸಿರು ಚಿಗುರು ಒಡೆಯಿತು. ಫೆಂಗಲ್ ಮಳೆಯಲ್ಲಿ ಪಕ್ಕದ ಪಾತಿಯ ಸಸಿ ಕೊಳೆಯುತ್ತಿದ್ದಾಗ ಇಲ್ಲಿ ಒಂದು ತುಂಡೂ ಕೆಡಲಿಲ್ಲ. ಕಾರಣ ಸರಳವಾಗಿದೆ: ಬೀಜದಿಂದ ಬಂದ ಸಸಿಗೆ ಉಣ್ಣಲು ಆ ಪುಟ್ಟ ಕಾಳಿನೊಳಗಿನ ಬುತ್ತಿಯಷ್ಟೇ ಗತಿ, ಹಂಬಿನ ತುಂಡಿಗಾದರೋ ಬಲಿತ ಕಾಂಡದಲ್ಲಿ ಕೂಡಿಟ್ಟ ಆಹಾರವಿದೆ. ಜನವರಿ ಕೊನೆಗೆ ಅರ್ಧಕ್ಕಿಂತ ಹೆಚ್ಚು ನೆಲ ಮುಚ್ಚಿತ್ತು, ಯುಗಾದಿಗೆ ಪೂರ್ತಿಯಾಗಿತ್ತು. ಇದರ ಕೊರತೆಯನ್ನೂ ಹೇಳಬೇಕು. ಏರಿಯ ಗರಿಕೆ ಒರಟು, ಗೆಣ್ಣುಗಳ ನಡುವಿನ ಅಂತರ ಹೆಚ್ಚು, ಬೇರೆ ಬೇರೆ ಬುಡಗಳಿಂದ ಬಂದಿರುವುದರಿಂದ ಬಣ್ಣವೂ ಒಂದೇ ಸಮನಿಲ್ಲ. ಬಿತ್ತಿದ ಪಾತಿಯ ನುಣುಪು ಇದಕ್ಕೆ ಬಾರದು.

ನಾಲ್ಕನೆಯ ಪಾತಿಯ ರೈ ಹುಲ್ಲು ತನ್ನ ಮಾತನ್ನು ಉಳಿಸಿಕೊಂಡಿತು, ತನ್ನ ಕಾಲ ಇರುವವರೆಗೆ. ಚದರ ಮೀಟರಿಗೆ 30 ಗ್ರಾಂನಂತೆ ವಿಶಾಖೆಯಲ್ಲಿ ಬಿತ್ತಿದ್ದು ಆರನೆಯ ದಿನವೇ ಮೊಳೆಯಿತು; ಗರಿಕೆ ಮುದುಡಿದ ಚಳಿಯೇ ಇದಕ್ಕೆ ಹಿತವಾಯಿತು. ಡಿಸೆಂಬರಿನಲ್ಲಿ ಮನೆಗೆ ಬಂದವರೆಲ್ಲ ಮೆಚ್ಚಿ ಕೈಯಾಡಿಸಿದ್ದು ಈ ಪಾತಿಯ ಮೇಲೆಯೇ. ಮಾರ್ಚ್ ಕೊನೆಗೆ ಹಳದಿಯಾಗತೊಡಗಿ ಏಪ್ರಿಲ್ ನಡುವಿಗೆ ಒಣಹುಲ್ಲಾಯಿತು. ಮನೆಯಲ್ಲಿ ಮಾಘ ಮಾಸದ ಮದುವೆಯಿದ್ದು ಎರಡು ಮೂರು ತಿಂಗಳ ಹಸಿರು ಸಾಕೆನ್ನುವವರಿಗೆ ಇದು ಸರಿ, ಶಾಶ್ವತ ಅಂಗಳಕ್ಕೆ ಸಲ್ಲದು. ಆಗಲೇ ಕೂಡಿದ ಗರಿಕೆಯ ಮೇಲೆ ಇದನ್ನು ಬಿತ್ತಿ ಚಳಿಗಾಲದ ಹಸಿರು ಪಡೆಯುವ ಪದ್ಧತಿಯೂ ಇದೆ, ಆದರೆ ಬೇಸಿಗೆಯ ಆರಂಭದಲ್ಲಿ ಗರಿಕೆ ಚಿಗುರುವ ಹೊತ್ತಿಗೆ ರೈ ಅದರ ಬಿಸಿಲನ್ನೂ ನೀರನ್ನೂ ಕಸಿಯುತ್ತದೆ.

ಕಾರ್ಪೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೆಕ್ಸಿಕನ್ ಹುಲ್ಲೆಂದು ಮಾರುವ ಜೊಯ್ಸಿಯಾದ ಹಾಸನ್ನು ಚದರಡಿಗೆ 22 ರೂಪಾಯಿಯಂತೆ ಐದನೆಯ ಪಾತಿಗೆ ಹಾಸಿದೆ. ಒಂದೇ ಮಧ್ಯಾಹ್ನದಲ್ಲಿ ಅಂಗಳ ಹಸಿರಾಯಿತು. ಆದರೆ ಹಾಸಿನ ಅಡಿಯಲ್ಲಿದ್ದ ಅಂಟು ಮಣ್ಣಿನಿಂದ ನಮ್ಮ ಕೆಂಪು ಮಣ್ಣಿಗೆ ಬೇರು ಇಳಿಯಲು ಚಳಿಯಲ್ಲಿ ಒಂದು ತಿಂಗಳು ಬೇಕಾಯಿತು, ಅಂಚುಗಳು ಒಣಗಿ ಬಿಟ್ಟುಕೊಂಡವು, ಮೂರು ಹಾಸುಗಳಿಂದ ಕೊನ್ನಾರಿ ಎದ್ದಿತು. ಇಡೀ ಅಂಗಳಕ್ಕೆ ಹಾಸುವಷ್ಟು ಹಣವಿದ್ದರೂ ಚಳಿಗಾಲದಲ್ಲಿ ಹಾಸಬೇಡಿ, ಮುಂಗಾರಿಗೆ ಕಾಯಿರಿ ಎಂಬುದು ನನ್ನ ಸಲಹೆ.

ಆದ್ದರಿಂದ ಬೀಜವೋ ಹಂಬೋ ಎಂದು ಕೇಳುವವರಿಗೆ ನಾನು ಮೊದಲು ಯಾವ ಮಳೆ ನಡೆಯುತ್ತಿದೆ ಎಂದು ಕೇಳುತ್ತೇನೆ. ಉತ್ತರೆಯಲ್ಲಾದರೆ ಬೀಜ, ಹಸ್ತದ ಮೊದಲ ದಿನಗಳವರೆಗೂ ಬೀಜ. ಚಿತ್ತೆ ಹುಟ್ಟಿದ ಮೇಲೆ ಬೀಜದ ಚೀಲವನ್ನು ಮುಚ್ಚಿಟ್ಟು ಹಂಬನ್ನು ಹುಡುಕಿಕೊಂಡು ಹೋಗುವುದೇ ಸರಿ.

ರೈ ಒಣಗಿದ ನಾಲ್ಕನೆಯ ಪಾತಿ ಈಗ, 2025ರ ಆಗಸ್ಟಿನಲ್ಲಿ, ಮತ್ತೆ ಅಗೆದು ಸಿದ್ಧವಾಗಿದೆ. ಕಳೆದ ವರ್ಷ ಕೊಂಡ ಕಾಲು ಕಿಲೋ ಗರಿಕೆ ಬೀಜದಲ್ಲಿ ನೂರು ಗ್ರಾಂ ಉಳಿದಿತ್ತು. ಹೋದ ವಾರ ಅದರಿಂದ ನೂರು ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ, 61 ಮೊಳೆತವು. ಅಂದರೆ ಈ ಸಲ ಚದರ ಮೀಟರಿಗೆ 8 ಗ್ರಾಂ ಬದಲು 11 ಗ್ರಾಂ ಬೇಕು, ಉಳಿದ ಬೀಜ ಆ ಒಂದು ಪಾತಿಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಮರಳು ಜರಡಿ ಹಿಡಿದು ಇಟ್ಟಿದ್ದೇನೆ, ಗೋಣಿತಾಟುಗಳು ಒಗೆದು ಒಣಗಿವೆ. ಸೆಪ್ಟೆಂಬರ್ ಮಧ್ಯದಲ್ಲಿ ಉತ್ತರೆಯ ಮೊದಲ ಹದಮಳೆ ಬಿದ್ದ ಮರುದಿನ ಬಿತ್ತುತ್ತೇನೆ.