ಅಪ್‌ವರ್ಕ್ ರಿವ್ಯೂ: ವಾರಕ್ಕೆ 15 ಗಂಟೆ ಮಾತ್ರ ಕೋಡ್ ಬರೆಯೋಕಾಗೋರ ಕಣ್ಣಲ್ಲಿ

ವಾರಕ್ಕೆ 15 ಗಂಟೆ ಕೆಲಸ ಮಾಡೋ ಡೆವಲಪರ್ ಬೇಕು ಅಂತ ಯಾವ ಕಂಪನಿನೂ ಬೋರ್ಡ್ ಹಾಕ್ಕೊಂಡು ಕೂತಿರಲ್ಲ, ಇದು ನಂಗೆ ಅರ್ಥ ಆಗೋಕೆ ಮೂರು ತಿಂಗಳು ಹಿಡೀತು. ಮನೇಲಿ ಚಿಕ್ಕ ಮಗು ಇದೆ, ಫುಲ್ ಟೈಮ್ ಬಿಟ್ಟೆ, ಆದ್ರೆ ಕೋಡ್ ಬರೆಯೋದು ಬಿಡೋಕೆ ಮನಸ್ಸಿರ್ಲಿಲ್ಲ. ಮಾಮೂಲಿ ಜಾಬ್ ಸೈಟ್‌ಗಳಲ್ಲಿ ಪಾರ್ಟ್ ಟೈಮ್ ಅಂತ ಹುಡುಕಿದ್ರೆ ಹೆಸರಿಗಷ್ಟೇ ಪಾರ್ಟ್ ಟೈಮ್, ಮಾತಾಡ್ತಾ ಹೋದ್ರೆ ದಿನಾ ಮೀಟಿಂಗ್‌ಗೆ ಬರ್ಬೇಕು, ಸರ್ವರ್ ಬಿದ್ರೆ ರಾತ್ರಿನೂ ಫೋನ್ ಎತ್ಬೇಕು ಅಂತಾರೆ. ಇನ್ನೊಂದು ಸೈಟ್‌ನವ್ರು ಎರಡು ದಿನ ಟೆಸ್ಟ್ ಮಾಡ್ಸಿ, ಎಲ್ಲಾ ಪಾಸಾದ್ಮೇಲೆ ನಮ್ಹತ್ರ ವಾರಕ್ಕೆ 40 ಗಂಟೆ ಕೆಲಸ ಮಾತ್ರ ಇರೋದು ಅಂದ್ರು. ಮೊದ್ಲೇ ಹೇಳಿದ್ರೆ ಆ ಎರಡು ದಿನ ಮಗು ಜೊತೆ ಇರ್ತಿದ್ದೆ, ಆ ಬೇಜಾರು ಇನ್ನೂ ಹೋಗಿಲ್ಲ.

ಆಮೇಲೆ ಅಪ್‌ವರ್ಕ್‌ಗೆ ಬಂದೆ, ಕ್ಲೈಂಟ್‌ಗಳು ಕೆಲಸ ಹಾಕೋ, ನಮ್ಮಂಥ ಫ್ರೀಲ್ಯಾನ್ಸರ್‌ಗಳು ಅದಕ್ಕೆ ಅರ್ಜಿ ಹಾಕೋ ಸೈಟ್ ಇದು. ಹಳಬರು ಇನ್ನೂ ಓಡೆಸ್ಕ್ ಅಂತಾರಲ್ಲ, ಅದೇ ಇದು, ಈಲಾನ್ಸ್ ಮತ್ತೆ ಓಡೆಸ್ಕ್ ಅನ್ನೋ ಎರಡು ಸೈಟ್ ಒಂದಾಗ್ತೀವಿ ಅಂತ 2013ರ ಕೊನೇಲಿ ಹೇಳಿದ್ವು, 2015ರಲ್ಲಿ ಈ ಹೆಸರು ಬಂತು. ಒಂದು ವರ್ಷದ ಮೇಲಾಯ್ತು ಯೂಸ್ ಮಾಡೋಕೆ ಶುರು ಮಾಡಿ. ನನ್ನಂಥೋರಿಗೆ ಇದ್ರಲ್ಲಿ ಎಲ್ಲಕ್ಕಿಂತ ದೊಡ್ಡ ವಿಷ್ಯ ಅಂದ್ರೆ ವೀಕ್ಲಿ ಲಿಮಿಟ್, ಅದನ್ನ ಯಾವ ರಿವ್ಯೂನಲ್ಲೂ ಯಾರೂ ಸರಿಯಾಗಿ ಹೇಳಿದ್ದು ನಾನು ನೋಡಿಲ್ಲ. ಗಂಟೆ ಲೆಕ್ಕದ ಕಾಂಟ್ರ್ಯಾಕ್ಟ್‌ನಲ್ಲಿ ವಾರಕ್ಕೆ ಎಷ್ಟು ಗಂಟೆ ಅಂತ ಕ್ಲೈಂಟ್ ಹಾಕಿರ್ತಾರೆ, ಅದು ದಾಟಿದ್ರೆ ಬಿಲ್ ಆಗಲ್ಲ. 15 ಅಂದ್ರೆ 15. "ಇದೊಂದು ಚಿಕ್ಕ ಕೆಲಸ ಇದೆ, ಇವತ್ತೇ ಮುಗಿಸ್ಬಿಡಿ" ಅಂದಾಗ ನಾನು ಜಗಳ ಆಡ್ಬೇಕಾಗಿಲ್ಲ, ಈ ವಾರದ ಲಿಮಿಟ್ ಮುಗೀತು, ಏರಿಸ್ತೀರಾ ಇಲ್ಲ ಸೋಮವಾರ ಮಾಡ್ಲಾ ಅಂತ ಕೇಳಿದ್ರೆ ಆಯ್ತು. ಹತ್ರಲ್ಲಿ ಒಂಬತ್ತು ಸಲ ಸೋಮವಾರನೇ ಸಾಕು ಅಂತಾರೆ.

ಮೊದಲ ಕೆಲಸ ಸಿಕ್ಕಿದ್ದು ಹೇಗೆ ಅಂತ ಹೇಳ್ತೀನಿ, ಯಾಕಂದ್ರೆ ಎಲ್ರೂ ಸೋತು ವಾಪಸ್ ಹೋಗೋದು ಇಲ್ಲೇ. ಪ್ರಪೋಸಲ್, ಅಂದ್ರೆ ಕೆಲಸಕ್ಕೆ ಅರ್ಜಿ, ಕಳ್ಸೋಕೆ ಕನೆಕ್ಟ್ಸ್ ಅನ್ನೋ ಟೋಕನ್ ಖರ್ಚಾಗುತ್ತೆ, ಅದನ್ನ ಬಹುಪಾಲು ದುಡ್ಡು ಕೊಟ್ಟೇ ತಗೋಬೇಕು, ಹಾಗಾಗಿ ಕಂಡಕಂಡಲ್ಲಿ ಕಳ್ಸೋಕಾಗಲ್ಲ. ನಾನು ಮೊದಮೊದ್ಲು ನಂಗೆ ಇಷ್ಟು ವರ್ಷ ಅನುಭವ, ಇಷ್ಟು ಭಾಷೆ ಬರುತ್ತೆ ಅಂತ ಉದ್ದುದ್ದ ಬರೆದು ಕಳ್ಸಿದೆ, ಒಂದಕ್ಕೂ ಉತ್ತರ ಇಲ್ಲ. ಲಿಸ್ಟ್‌ನಲ್ಲಿ ಕ್ಲೈಂಟ್‌ಗೆ ಮೊದ್ಲು ಕಾಣ್ಸೋದೇ ನಮ್ಮ ಮೊದಲ ಎರಡು ಸಾಲು ಅಂತ ಆಗ ಗೊತ್ತಿರ್ಲಿಲ್ಲ. ಒಂದಿನ ಒಬ್ಬ ಕ್ಲೈಂಟ್ ಕೆಲಸ ಹಾಕಿದ್ರು, ನಮ್ ಇನ್‌ವಾಯ್ಸ್‌ನಲ್ಲಿ ತಾರೀಖು ಒಂದಿನ ಹಿಂದಿಂದು ಬರ್ತಿದೆ, ಎಲ್ರಿಗೂ ಅಲ್ಲ, ಕೆಲವು ಕಸ್ಟಮರ್‌ಗೆ ಮಾತ್ರ. ನೋಡಿದ ತಕ್ಷಣ ಗೊತ್ತಾಯ್ತು. ಜಾವಾಸ್ಕ್ರಿಪ್ಟ್‌ನಲ್ಲಿ ಡೇಟ್‌ಗೆ 2024-03-05 ಅಂತ ಟೈಮ್ ಇಲ್ದೇ ಬರೀ ತಾರೀಖು ಕೊಟ್ರೆ ಅದನ್ನ ಯುಟಿಸಿ (ಜಗತ್ತಿಗೆಲ್ಲ ಸ್ಟ್ಯಾಂಡರ್ಡ್ ಆದ ಟೈಮ್) ಮಧ್ಯರಾತ್ರಿ ಅಂತ ತಗೊಳುತ್ತೆ, ಯುಟಿಸಿಗಿಂತ ಹಿಂದಿರೋ ಟೈಮ್‌ಝೋನ್‌ನಲ್ಲಿ ಇರೋರ ಸ್ಕ್ರೀನ್‌ನಲ್ಲಿ ಅದು 4ನೇ ತಾರೀಖಾಗಿ ಕಾಣ್ಸುತ್ತೆ. ನಮಸ್ಕಾರ ಗಿಮಸ್ಕಾರ ಏನೂ ಇಲ್ದೆ ಇದಿಷ್ಟನ್ನೇ ಎರಡು ಸಾಲಲ್ಲಿ ಬರೆದು ಕಳ್ಸಿದೆ. ಅರ್ಧ ಗಂಟೇಲಿ ಮೆಸೇಜ್ ಬಂತು. ಮೂರು ಗಂಟೆ ಕೆಲಸ ಅದು, ಅದೇ ಕ್ಲೈಂಟ್ ಇವತ್ತಿಗೂ ವಾರಕ್ಕೆ 10 ಗಂಟೆ ಕೊಡ್ತಿದಾರೆ. ಪಾರ್ಟ್ ಟೈಮ್ ಕೆಲಸ ಹುಡುಕಿದ್ರೆ ಸಿಗಲ್ಲ, ಇಂಥ ಮೂರು ಗಂಟೆ ಕೆಲಸ ಬೆಳೆದು ಆಗೋದು ಅದು.

ಗಂಟೆ ಲೆಕ್ಕದಲ್ಲಿ ಮಾಡೋವಾಗ ಅವರ ಡೆಸ್ಕ್‌ಟಾಪ್ ಆಪ್ ಆನ್ ಇರ್ಬೇಕು, ಹತ್ತತ್ತು ನಿಮಿಷಕ್ಕೆ ಒಂದು ಸ್ಕ್ರೀನ್‌ಶಾಟ್ ತೆಗ್ಯುತ್ತೆ, ಯಾವ ಕ್ಷಣ ಅಂತ ಗೊತ್ತಾಗಲ್ಲ. ಇದು ಕೆಲವರಿಗೆ ಹಿಡಿಸಲ್ಲ, ನಂಗೂ ಮೊದ್ಲು ಕಿರಿಕಿರಿ ಆಗ್ತಿತ್ತು. ಆದ್ರೆ ಪೇಮೆಂಟ್ ಪ್ರೊಟೆಕ್ಷನ್, ಅಂದ್ರೆ ದುಡ್ಡು ಬರುತ್ತೆ ಅನ್ನೋ ರಕ್ಷಣೆ, ಇರೋದು ಹೀಗೆ ಟ್ರ್ಯಾಕ್ ಆದ ಟೈಮ್‌ಗೆ ಮಾತ್ರ, ಕೈಯಲ್ಲಿ ಸೇರಿಸಿದ ಗಂಟೆಗಳಿಗೆ ಇಲ್ಲ. ಬ್ಯಾಂಕ್ ಪೇಜು, ಪರ್ಸನಲ್ ಚಾಟು ಎಲ್ಲಾ ಮುಚ್ಚಿಟ್ಟೇ ಆನ್ ಮಾಡಿ. ವಾರ ಸೋಮವಾರದಿಂದ ಭಾನುವಾರ, ದುಡ್ಡು ಕೈಗೆ ಬರೋದು ವಾರ ಮುಗಿದು ಹತ್ತು ದಿನಕ್ಕೆ, ಇದುವರೆಗೂ ಒಂದು ಸಲನೂ ತಪ್ಪಿಲ್ಲ. ಫಿಕ್ಸೆಡ್ ಕೆಲಸ (ಒಟ್ಟು ರೇಟ್ ಮೊದ್ಲೇ ಮಾತಾಡ್ಕೊಂಡಿರೋದು) ಆದ್ರೆ ಆ ಹಂತದ ಮೈಲ್‌ಸ್ಟೋನ್ ದುಡ್ಡು ಎಸ್ಕ್ರೋದಲ್ಲಿ, ಅಂದ್ರೆ ಕೆಲಸ ಮುಗಿಯೋವರೆಗೂ ದುಡ್ಡು ಹಿಡಿದಿಡೋ ಖಾತೇಲಿ, ಬಿದ್ದಿದ್ಯಾ ನೋಡ್ಕೊಂಡೇ ಕೀಬೋರ್ಡ್ ಮುಟ್ಟಿ, ನಾವು ಕೆಲಸ ಸಬ್ಮಿಟ್ ಮಾಡಿದ್ಮೇಲೆ ಕ್ಲೈಂಟ್ 14 ದಿನ ಏನೂ ಹೇಳ್ದೇ ಇದ್ರೆ ತಾನಾಗೇ ರಿಲೀಸ್ ಆಗುತ್ತೆ.

ಅಪ್‌ವರ್ಕ್ ನಮ್ಮ ದುಡ್ಡಲ್ಲಿ ತಗೊಳೋ ಕಮಿಷನ್ 2023ರಲ್ಲಿ ಎಲ್ರಿಗೂ 10 ಪರ್ಸೆಂಟ್ ಮಾಡಿದ್ರು, 2025ರಿಂದ ಹೊಸ ಕಾಂಟ್ರ್ಯಾಕ್ಟ್‌ಗಳಿಗೆ 0ಯಿಂದ 15ರ ಒಳಗೆ ಒಂದೊಂದಕ್ಕೆ ಒಂದೊಂದು ಥರ. ಪ್ರಪೋಸಲ್ ಕಳ್ಸೋವಾಗ್ಲೇ ತೋರ್ಸುತ್ತೆ, ಅದನ್ನ ಸೇರಿಸ್ಕೊಂಡೇ ರೇಟ್ ಹೇಳಿ. ಕಾಂಟ್ರ್ಯಾಕ್ಟ್ ಆಗೋಕ್ ಮುಂಚೆನೇ ಬೇರೆ ಚಾಟ್ ಆಪ್‌ಗೆ ಬನ್ನಿ ಅನ್ನೋರ ಹತ್ರ ಹೋಗ್ಬೇಡಿ. ಒಬ್ಬ ನಂಗೂ ಹಂಗೆ ಕರೆದು, ಕೆಲಸ ಶುರು ಮಾಡೋಕೆ ನೀವೇ ಡೆಪಾಸಿಟ್ ಕಟ್ಬೇಕು ಅಂದ, ಅಲ್ಲೇ ಬ್ಲಾಕ್ ಮಾಡಿದೆ. ಇನ್ನು ಈಗಾಗ್ಲೇ ಒಂದು ಫುಲ್ ಟೈಮ್ ಕೆಲಸದಲ್ಲಿ ಇರೋರು ಆಫರ್ ಲೆಟರ್ ಜೊತೆ ಸೈನ್ ಮಾಡಿದ ಅಗ್ರಿಮೆಂಟ್ ತೆಗೆದು ಓದಿ, ಆಫೀಸ್ ಹೊರಗೆ ನೀವು ಬರ್ದ ಕೋಡೂ ಕಂಪನೀದೇ ಅಂತ ಬರ್ಸ್ಕೊಂಡಿರೋ ಕಡೆ ಇದಾವೆ.

ನಂದು ಒಂದೇ ಬೇಡಿಕೆ. ಸರ್ಚ್‌ನಲ್ಲಿ ವಾರಕ್ಕೆ 30 ಗಂಟೆಗಿಂತ ಕಮ್ಮಿ ಅಂತ ಒಂದು ಫಿಲ್ಟರ್ ಇದೆ, ಆದ್ರೆ 5 ಗಂಟೇನೂ 28 ಗಂಟೇನೂ ಅದ್ರೊಳಗೇ ಬರುತ್ತೆ. ಮಗು ಮಲಗಿದಾಗ ಕೆಲಸ ಮಾಡೋರಿಗೆ ಅವೆರಡೂ ಒಂದೇ ಅಲ್ಲ, ಅದನ್ನ 10, 20 ಅಂತ ಒಡೆದು ಕೊಟ್ರೆ ಐದಕ್ಕೆ ಐದು ಸ್ಟಾರ್ ಕೊಡ್ತೀನಿ, ಸದ್ಯಕ್ಕೆ ನಾಲ್ಕು.