ಕಣ್ಣಿನ ಕೆಂಪಿಗೆ ಕಾರಣ ಹುಡುಕುವ ದವಾಖಾನೆ

ಬಾಗಲಕೋಟೆಯ ನವನಗರದಲ್ಲಿ, ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ದೂರದಲ್ಲಿರುವ ಈ ಸಣ್ಣ ಕಣ್ಣಿನ ದವಾಖಾನೆ ನನಗೆ ಮೆಚ್ಚುಗೆಯಾಗಲು ಮುಖ್ಯ ಕಾರಣ, ಅಲ್ಲಿ ಹನಿ ಬರೆದುಕೊಡುವ ಮೊದಲು ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುತ್ತಾರೆ. ಕಣ್ಣಿನ ಬಿಳಿಭಾಗದಲ್ಲಿ ರಕ್ತನಾಳ ಒಡೆದಾಗ ಮದ್ದಿಗಿಂತ ಕಾರಣ ತಿಳಿಯುವುದೇ ದೊಡ್ಡ ಕೆಲಸ. ಆ ಕೆಲಸವನ್ನು ಇಲ್ಲಿ ಶ್ರದ್ಧೆಯಿಂದ ಮಾಡುತ್ತಾರೆ.

ನನ್ನ ತಾಯಿಯ ಬಲಗಣ್ಣು ಒಂದು ಮುಂಜಾನೆ ಕುಂಕುಮ ಮೆತ್ತಿದಂತೆ ಕೆಂಪಾಗಿತ್ತು. ನೋವಿರಲಿಲ್ಲ, ಪಿಸುರಿರಲಿಲ್ಲ, ದೃಷ್ಟಿಯೂ ಮಂಜಾಗಿರಲಿಲ್ಲ. ನೆರೆಯವರು ನಂದಿಬಟ್ಟಲ ಹೂವಿನ ರಸ ಹಿಂಡಲು ಹೇಳಿದರೆ, ಔಷಧ ಅಂಗಡಿಯೊಂದರಲ್ಲಿ ಚೀಟಿಯನ್ನೂ ಕೇಳದೆ ಸ್ಟಿರಾಯ್ಡ್ ಇರುವ ಹನಿಯ ಸೀಸೆ ಕೊಟ್ಟರು. ಅಂಥ ಹನಿಯನ್ನು ವೈದ್ಯರ ನಿಗಾ ಇಲ್ಲದೆ ವಾರಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ, ದೃಷ್ಟಿನರವನ್ನು ಹಾಳುಮಾಡುವ ಗ್ಲಾಕೋಮಾ ಬರುವ ಅಪಾಯವಿದೆ. ಎರಡನ್ನೂ ಬದಿಗಿಟ್ಟು ಇಲ್ಲಿಗೆ ಬಂದೆವು.

ವೈದ್ಯರು ತಾಯಿಯ ಗದ್ದವನ್ನು ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ಮೇಲೆ ಇರಿಸಿ, ಮೂಗಿನ ಕಡೆ, ಕಿವಿಯ ಕಡೆ, ಮೇಲೆ, ಕೆಳಗೆ ನೋಡಲು ಹೇಳಿ, ಕೆಂಪು ಎಲ್ಲಿ ಮುಗಿಯುತ್ತದೆ ಎಂಬುದನ್ನು ತಾಳ್ಮೆಯಿಂದ ಹುಡುಕಿದರು. ಕೆಂಪಿನ ಹಿಂದಿನ ಅಂಚಿನಾಚೆ ಬಿಳಿಭಾಗ ಸ್ಪಷ್ಟವಾಗಿ ಕಂಡಿತು. ತಲೆಗೆ ಪೆಟ್ಟು ಬಿದ್ದವರಲ್ಲಿ ಆ ಅಂಚು ಕಾಣದೆ ಹೋದರೆ, ರಕ್ತ ಕಣ್ಣುಗುಡ್ಡೆಯ ಹಿಂದಿನಿಂದ ಇಳಿದಿರಬಹುದೆಂದು ಶಂಕಿಸಿ ಸ್ಕ್ಯಾನ್ ಮಾಡಿಸಬೇಕಾಗುತ್ತದೆಯಂತೆ. ಬಿಳಿಗುಡ್ಡೆಯ ಮೇಲೆ ಹೊದ್ದಿರುವ ಪಾರದರ್ಶಕ ಪೊರೆಯ ಅಡಿಯಲ್ಲಿ ಕೆಲವೇ ಹನಿ ರಕ್ತ ಹರಡಿದರೂ ನೋಡಲು ಭೀಕರವಾಗಿರುತ್ತದೆ, ಆದರೆ ಅದು ಕಣ್ಣಿನೊಳಗೆ ಇಳಿಯುವುದಿಲ್ಲವಾದ್ದರಿಂದ ದೃಷ್ಟಿಗೆ ಧಕ್ಕೆಯಿಲ್ಲ ಎಂದು ಅವರು ವಿವರಿಸಿದ ಮೇಲೆಯೇ ತಾಯಿಯ ಮುಖದ ಗಾಬರಿ ಇಳಿದದ್ದು.

ನಂತರದ ಪ್ರಶ್ನೆಗಳು ಕಣ್ಣಿಗೆ ಸಂಬಂಧವೇ ಇಲ್ಲದವು ಎನಿಸುವಂತಿದ್ದವು. "ಅವ್ವಾರ, ಕೆಮ್ಮು ಯಾವಾಗಿಂದ ಐತ್ರಿ? ಹೊಟ್ಟಿ ಸಾಫ್ ಆಗತೈತೇನ್ರಿ?" ತಾಯಿ, "ಎಂಟ್ ದಿನ ಆತ್ರಿ ಸಾಹೇಬ್ರ, ರಾತ್ರಿ ಭಾಳ ಕೆಮ್ಮತೀನ್ರಿ" ಎಂದರು. ಜೋರಾಗಿ ಕೆಮ್ಮಿದಾಗ, ಸೀನಿದಾಗ, ವಾಂತಿಯಾದಾಗ, ಮಲಬದ್ಧತೆಯಿಂದ ಮುಕ್ಕರಿಸಿದಾಗ ಎದೆ ಮತ್ತು ಹೊಟ್ಟೆಯ ಒತ್ತಡ ಏರಿ, ಅದು ತಲೆಯ ರಕ್ತನಾಳಗಳಿಗೂ ತಟ್ಟಿ, ಕೂದಲಿಗಿಂತ ಸಣ್ಣ ನಾಳವೊಂದು ಒಡೆಯುತ್ತದೆ. ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರೂ, ನಾಯಿಕೆಮ್ಮಿನ ಮಕ್ಕಳೂ ಇದೇ ತೊಂದರೆಯಿಂದ ಬರುತ್ತಾರೆ ಎಂದು ವೈದ್ಯರು ಹೇಳಿದರು. ಧೂಳು ಬಿದ್ದ ಕಣ್ಣನ್ನು ಉಜ್ಜಿಕೊಂಡರೂ ಹೀಗಾಗುತ್ತದೆ. ಸೋಂಕಿನಿಂದ ಕಣ್ಣು ಕೆಂಪಾಗುವ ಮದ್ರಾಸ್ ಐ ಬೇರೆಯದು. ಅದರಲ್ಲಿ ಪಿಸುರು, ಚುಚ್ಚುವಿಕೆ ಇರುತ್ತವೆ ಮತ್ತು ಅದು ಮನೆಮಂದಿಗೆಲ್ಲ ಹರಡುತ್ತದೆ.

ಬಿಪಿ 170/100 ಇತ್ತು. ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡ ತಾಯಿ ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ಗುಳಿಗೆ ನುಂಗುತ್ತಾರೆ. ಹೀಗೆ ವಯಸ್ಸು, ಏರಿದ ಬಿಪಿ, ರಕ್ತ ತೆಳುವಾಗಿಸುವ ಗುಳಿಗೆ ಮತ್ತು ಕೆಮ್ಮು ಒಟ್ಟಿಗೆ ಸೇರಿದ್ದವು. ಕಣ್ಣು ಕೆಂಪಾಯಿತೆಂದು ಆ ಗುಳಿಗೆಗಳನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಿದರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಬಹುದು ಎಂದು ಎರಡೆರಡು ಸಲ ಎಚ್ಚರಿಸಿದ ವೈದ್ಯರು, ಹೃದಯದ ವೈದ್ಯರಿಗೆ ತೋರಿಸಲು ಒಂದು ಪತ್ರವನ್ನೂ ಬರೆದುಕೊಟ್ಟರು. ಕಣ್ಣಿನ ವೈದ್ಯರೊಬ್ಬರು ಇಷ್ಟು ಹೊಣೆ ಹೊತ್ತದ್ದು ನನ್ನ ಮನಸ್ಸಿಗೆ ತಟ್ಟಿತು. ಕಣ್ಣಿಗೆ ಬರೆದದ್ದು ಕಿರಿಕಿರಿ ಕಡಿಮೆ ಮಾಡುವ ಕೃತಕ ಕಣ್ಣೀರಿನ ಹನಿ ಮಾತ್ರ. 2ರಿಂದ 3 ವಾರಗಳಲ್ಲಿ ಕೆಂಪು ಹಳದಿಗೆ ತಿರುಗಿ ತಾನಾಗಿಯೇ ಕರಗುತ್ತದೆ ಎಂದಿದ್ದರು, ಹಾಗೆಯೇ ಆಯಿತು. ನೋವು ಬಂದರೆ, ದೃಷ್ಟಿ ಮಂಜಾದರೆ, ಮೇಲಿಂದ ಮೇಲೆ ಹೀಗಾದರೆ ಅಥವಾ ಒಸಡಿನಲ್ಲಿಯೂ ರಕ್ತ ಬಂದರೆ ತಡಮಾಡದೆ ಬರಬೇಕು, ಆಗ ರಕ್ತಪರೀಕ್ಷೆ ಬೇಕಾಗುತ್ತದೆ ಎಂದೂ ತಿಳಿಸಿದರು.

ಕೊರತೆಗಳೂ ಇವೆ. ಪಾಳಿಯ ಚೀಟಿ ಕೊಡುವ ವ್ಯವಸ್ಥೆ ಇಲ್ಲದ್ದರಿಂದ ಹಳ್ಳಿಯಿಂದ ಬಂದ ಹಿರಿಯರು ಬಾಗಿಲ ಬಳಿ ಬಹಳ ಹೊತ್ತು ನಿಲ್ಲುತ್ತಾರೆ, ಕುರ್ಚಿಗಳೂ ಸಾಲವು. ಇಷ್ಟು ಚೆನ್ನಾಗಿ ಬಾಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಕೊಟ್ಟರೆ ಮನೆಯವರಿಗೆ ಎಷ್ಟೋ ಅನುಕೂಲ. ಹೋಗುವವರು ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಒಳ್ಳೆಯದು, ಮತ್ತು ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಯನ್ನು ತಪ್ಪದೆ ಒಯ್ಯಬೇಕು, ಏಕೆಂದರೆ ಅಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ.