ಎರಮೋಸಾ ನೋಡೋದಾ, ನಿತ್ ನೋಡೋದಾ?

ಕೆನಡಾದ ಒಂಟಾರಿಯೋದಲ್ಲಿ ಗ್ರ್ಯಾಂಡ್ ನದಿ ಕಡೆ ಹೋಗುತ್ತೀರಾ, ಅದಕ್ಕೆ ನೀರು ತರುವ ಎರಮೋಸಾ, ನಿತ್ ಅನ್ನೋ ಎರಡು ನದಿಗಳಲ್ಲಿ ಒಂದನ್ನು ನೋಡೋಕೆ ಒಂದೇ ದಿನ ಇದೆಯಾ? ಹಾಗಾದರೆ ನನ್ನ ಓಟು ಎರಮೋಸಾಗೆ. ರಾಕ್‌ವುಡ್ ಅನ್ನೋ ಊರಿನ ಹತ್ತಿರ ಅದು ಸುಣ್ಣಕಲ್ಲಿನ ಬಂಡೆಗಳ ನಡುವೆ ಹರಿಯುತ್ತದೆ, ಹಿಮಯುಗದ ಕೊನೆಯಲ್ಲಿ ಕರಗಿದ ನೀರು ಕಲ್ಲುಗಳನ್ನು ಗಿರಗಿರ ತಿರುಗಿಸಿ ಕೊರೆದ ಗುಂಡಿಗಳು ಅಲ್ಲಿ 200ಕ್ಕೂ ಜಾಸ್ತಿ ಇವೆ, ಕೆಲವಂತೂ ಬಾವಿಯ ಹಾಗೇ ಕಾಣುತ್ತವೆ. ಅಂತರ್ಜಲ ಬಂದು ಸೇರುವುದರಿಂದ ಬೇಸಿಗೆಯಲ್ಲೂ ನೀರು ತಂಪು. ಮುಂದೆ ಗ್ವೆಲ್ಫ್ ನಗರದಲ್ಲಿ ಸ್ಪೀಡ್ ನದಿಯನ್ನು ಸೇರಿ, ಅದರ ಜೊತೆಗೇ ಗ್ರ್ಯಾಂಡ್‌ಗೆ ಹೋಗುತ್ತದೆ.

ನಿತ್ ಬೇರೆ ಥರ. ಹೊಲಗಳ ನಡುವೆ ಹಾವಿನ ಹಾಗೆ ಬಳುಕಿ, ನ್ಯೂ ಹ್ಯಾಂಬರ್ಗ್ ದಾಟಿ, ಪ್ಯಾರಿಸ್ ಅನ್ನೋ ಊರಿನಲ್ಲಿ ನೇರವಾಗಿ ಗ್ರ್ಯಾಂಡ್ ಸೇರುತ್ತದೆ. ಮೇಲ್ಭಾಗದಲ್ಲಿ ಜೇಡಿಮಣ್ಣು, ಮಳೆ ಬಿದ್ದರೆ ನೀರು ಬೇಗ ಏರುತ್ತದೆ, ಕದಡುತ್ತದೆ. ದೋಣಿಯಲ್ಲಿ ಹೋಗುವ ಆಸೆ ಇದ್ದರೆ ಇದೇ ಸರಿ, ಆದರೆ ನೆರೆ ಇಳಿದ ಮೇಲೆ, ವಸಂತ ಮುಗಿಯೋದರೊಳಗೆ ಹೋಗಿ. ಆಗಸ್ಟ್‌ನಲ್ಲಿ ನೀರು ತೀರಾ ಕಡಿಮೆ.